ಮರೆವನ್ನು ಅಳೆದ ವಿಜ್ಞಾನಿ

ಮನುಷ್ಯನಿಗೆ ದೊರೆತಿರುವ ವರಗಳಲ್ಲಿ ನೆನಪು ಬಹು ದೊಡ್ಡದು. ನೆನಪಿಲ್ಲದಿದ್ದರೆ ಭಾಷೆಯಿಲ್ಲ, ವಿದ್ಯೆಯಿಲ್ಲ, ಬಂಧುಬಳಗದ ಗುರುತೂ ಇಲ್ಲ. ನಮ್ಮ ನಾಡಿನ ಹಿರಿಯರು ಈ ಶಕ್ತಿಯನ್ನು ಶ್ರದ್ಧೆಯಿಂದ ಬೆಳೆಸಿಕೊಂಡಿದ್ದರು. ಅಚ್ಚಿನ ಪುಸ್ತಕಗಳು ಮನೆಮನೆಗೆ ಬರುವ ಮೊದಲು ಐಗಳ ಮಠಗಳಲ್ಲಿ ಹುಡುಗರು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡುತ್ತಿದ್ದರು. ವೇದಾಧ್ಯಯನ ಮಾಡುವವರು ಗುರುವಿನ ಬಾಯಿಂದ ಕೇಳಿದ್ದನ್ನು ಪದ, ಕ್ರಮ, ಜಟೆ, ಘನ ಎಂಬ ಪಾಠಕ್ರಮಗಳಲ್ಲಿ ಮತ್ತೆ ಮತ್ತೆ ಹೇಳಿ ಗಟ್ಟಿಮಾಡಿಕೊಳ್ಳುತ್ತಿದ್ದರು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವು ಸಂಗೀತಗಾರರ ಊರೆಂದು ಹೆಸರಾಗಿದೆ. ಅಂಥ ಊರುಗಳಲ್ಲಿ ಕೀರ್ತನೆಗಳು ಕಿವಿಯಿಂದ ಕಂಠಕ್ಕೆ, ಒಂದು ತಲೆಮಾರಿನಿಂದ ಮತ್ತೊಂದು ತಲೆಮಾರಿಗೆ ಇಳಿದು ಬಂದಿವೆ.

ನೆನಪನ್ನು ಬೆಳೆಸುವ ಬಗೆ ಹೀಗೆ ಅನೇಕರಿಗೆ ತಿಳಿದಿದ್ದಿತು. ಆದರೆ ನೆನಪನ್ನು ಅಳೆಯುವ ಬಗೆ ಯಾರಿಗೂ ತಿಳಿದಿರಲಿಲ್ಲ. ನಿನ್ನೆ ತಡೆಯಿಲ್ಲದೆ ಹೇಳಿದ ಪದ್ಯವನ್ನು ಇಂದು ಹೇಳಹೊರಟರೆ ನಾಲಗೆ ತಡವರಿಸುವುದೇಕೆ? ಕಲಿತದ್ದರಲ್ಲಿ ಒಂದು ಗಂಟೆಯ ಮೇಲೆ ಎಷ್ಟು ಉಳಿಯುತ್ತದೆ, ಒಂದು ತಿಂಗಳ ಮೇಲೆ ಎಷ್ಟು ಉಳಿಯುತ್ತದೆ? ಪಾಠ ಇಮ್ಮಡಿಯಾದರೆ ಶ್ರಮವೂ ಇಮ್ಮಡಿಯಾಗುವುದೋ, ಅದಕ್ಕಿಂತ ಹೆಚ್ಚಾಗುವುದೋ? ಉದ್ದವನ್ನು ಅಳೆಯಲು ಗಜಕಡ್ಡಿಯಿದೆ, ಭಾರವನ್ನು ತೂಗಲು ತಕ್ಕಡಿಯಿದೆ, ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಮರೆವಿಗೆ ಅಳತೆಗೋಲು ಯಾವುದು?

ಆ ಅಳತೆಗೋಲನ್ನು ಮೊದಲು ಸಿದ್ಧಪಡಿಸಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವನು 1850ನೆಯ ಇಸವಿ ಜನವರಿ 24ರಂದು ಬಾರ್ಮೆನ್ ಎಂಬ ಪಟ್ಟಣದಲ್ಲಿ ಜನಿಸಿದನು. ಬಾರ್ಮೆನ್ ಆಗ ಪ್ರಷ್ಯ ರಾಜ್ಯಕ್ಕೆ ಸೇರಿದ್ದಿತು. ಇಂದು ಅದು ವುಪ್ಪರ್ಟಾಲ್ ನಗರದ ಒಂದು ಭಾಗವಾಗಿದೆ. ತಂದೆ ಕಾರ್ಲ್ ಅನುಕೂಲಸ್ಥನಾದ ವರ್ತಕ. ಹರ್ಮನ್ 17ನೆಯ ವಯಸ್ಸಿನಲ್ಲಿ ಬಾನ್ ವಿಶ್ವವಿದ್ಯಾಲಯವನ್ನು ಸೇರಿ ಇತಿಹಾಸವನ್ನೂ ಭಾಷಾಶಾಸ್ತ್ರವನ್ನೂ ಓದತೊಡಗಿದನು. ಹಾಲೆ ಮತ್ತು ಬರ್ಲಿನ್ ನಗರಗಳಲ್ಲಿಯೂ ಅವನ ವ್ಯಾಸಂಗ ನಡೆಯಿತು. ಕ್ರಮೇಣ ಅವನ ಒಲವು ತತ್ತ್ವಶಾಸ್ತ್ರದ ಕಡೆಗೆ ತಿರುಗಿತು. 1870ರಲ್ಲಿ ಪ್ರಷ್ಯಕ್ಕೂ ಫ್ರಾನ್ಸಿಗೂ ಯುದ್ಧ ಮೊದಲಾದಾಗ ಅವನು ಓದನ್ನು ಬಿಟ್ಟು ಸೈನ್ಯವನ್ನು ಸೇರಿದನು. ಯುದ್ಧ ಮುಗಿದ ಮೇಲೆ ಮತ್ತೆ ಪುಸ್ತಕ ಹಿಡಿದು, 1873ರಲ್ಲಿ ಬಾನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದನು.

ಪದವಿಯೇನೋ ದೊರೆಯಿತು, ಮುಂದಿನ ದಾರಿ ಮಾತ್ರ ಸ್ಪಷ್ಟವಾಗಿರಲಿಲ್ಲ. ಕೆಲವು ವರ್ಷಗಳ ಕಾಲ ಅವನು ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳಲ್ಲಿ ಪಾಠ ಹೇಳಿಕೊಂಡು, ತನ್ನಷ್ಟಕ್ಕೆ ತಾನು ಓದಿಕೊಂಡು ಕಾಲ ಕಳೆದನು. ಆ ದಿನಗಳಲ್ಲಿ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಅವನ ಕೈಗೆ ಒಂದು ಗ್ರಂಥ ಸಿಕ್ಕಿತೆಂದು ಹೇಳುತ್ತಾರೆ. ಅದು ಲೈಪ್‌ಸಿಗ್ ನಗರದ ಗುಸ್ತಾವ್ ಫೆಕ್ನರ್ ಎಂಬ ವಿದ್ವಾಂಸನು 1860ರಲ್ಲಿ ಪ್ರಕಟಿಸಿದ್ದ ಮನೋಭೌತಶಾಸ್ತ್ರದ ಗ್ರಂಥ. ಕೈಯಲ್ಲಿ ಒಂದು ತೂಕವನ್ನು ಹಿಡಿದಿರುವವನಿಗೆ ಅದರ ಮೇಲೆ ಇನ್ನೆಷ್ಟು ತೂಕ ಇಟ್ಟರೆ ಭಾರ ಹೆಚ್ಚಾಯಿತೆಂದು ತಿಳಿಯುತ್ತದೆ? ಬೆಳಕು ಎಷ್ಟು ಹೆಚ್ಚಿದರೆ ಕಣ್ಣು ಅದನ್ನು ಗುರುತಿಸುತ್ತದೆ? ಇಂಥ ಪ್ರಶ್ನೆಗಳನ್ನು ಎತ್ತಿಕೊಂಡು, ಮನಸ್ಸಿನ ಅನುಭವವನ್ನು ಸಂಖ್ಯೆಗಳಲ್ಲಿ ಹೇಳಬಹುದೆಂದು ಫೆಕ್ನರ್ ತೋರಿಸಿದ್ದನು. ಎಬ್ಬಿಂಗ್‌ಹೌಸನಿಗೆ ಹೊಸ ಬೆಳಕು ಕಂಡಂತಾಯಿತು. ಅನುಭವವನ್ನು ಅಳೆಯಬಹುದಾದರೆ ನೆನಪನ್ನು ಏಕೆ ಅಳೆಯಬಾರದು ಎಂದು ಅವನು ಆಲೋಚಿಸಿದನು.

ಇದು ಸುಲಭವಾದ ಸಾಹಸವಾಗಿರಲಿಲ್ಲ. 1879ರಲ್ಲಿ ಲೈಪ್‌ಸಿಗ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಸಿದ್ಧ ಪ್ರಯೋಗಶಾಲೆಯನ್ನು ತೆರೆದ ವಿಲ್‌ಹೆಲ್ಮ್ ವುಂಟ್‌ನಂಥ ಪಂಡಿತನೂ ನೋಟ, ಸ್ಪರ್ಶ ಮೊದಲಾದ ಸರಳ ಅನುಭವಗಳಿಗಷ್ಟೇ ಪ್ರಯೋಗವು ಸಲ್ಲುತ್ತದೆಂದೂ, ಅವಕ್ಕಿಂತ ಮೇಲಿನ ಮನೋವ್ಯಾಪಾರಗಳು ಪ್ರಯೋಗಕ್ಕೆ ಸಿಕ್ಕುವುದಿಲ್ಲವೆಂದೂ ಭಾವಿಸಿದ್ದನು. ಎಬ್ಬಿಂಗ್‌ಹೌಸನಿಗಾದರೋ ಪ್ರಯೋಗಶಾಲೆಯಿರಲಿಲ್ಲ, ಸಹಾಯಕರಿರಲಿಲ್ಲ, ಪ್ರಯೋಗಕ್ಕೆ ಒಳಗಾಗಲು ಶಿಷ್ಯರೂ ಇರಲಿಲ್ಲ. ಆದುದರಿಂದ ಅವನು ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡನು. ಪಾಠ ಹೇಳುವವನೂ ಅವನೇ, ಕಲಿಯುವವನೂ ಅವನೇ, ಪರೀಕ್ಷೆ ಮಾಡಿ ಲೆಕ್ಕ ಬರೆಯುವವನೂ ಅವನೇ.

ಮೊದಲು ಎದುರಾದ ತೊಡಕು ಕಲಿಯಬೇಕಾದ ಪಾಠದ್ದು. ಪದ್ಯವನ್ನೋ ಗದ್ಯವನ್ನೋ ಬಾಯಿಪಾಠ ಮಾಡಿದರೆ ಅಳತೆ ನಿಷ್ಕೃಷ್ಟವಾಗದು. ಒಂದು ಸಾಲಿನಲ್ಲಿ ಪರಿಚಿತ ಮಾತಿರುತ್ತದೆ, ಇನ್ನೊಂದರಲ್ಲಿ ಪ್ರಾಸವಿರುತ್ತದೆ, ಮತ್ತೊಂದರಲ್ಲಿ ಮನಸ್ಸನ್ನು ಕಲಕುವ ಭಾವವಿರುತ್ತದೆ. ಕೆಲವು ಬೇಗ ಹತ್ತುತ್ತವೆ, ಕೆಲವು ತಡವಾಗುತ್ತವೆ. ಗಜಕಡ್ಡಿಯೇ ಒಂದೊಂದು ಸಲ ಒಂದೊಂದು ಉದ್ದವಾದರೆ ಬಟ್ಟೆಯನ್ನು ಅಳೆಯುವುದು ಹೇಗೆ? ಇದಕ್ಕೆ ಎಬ್ಬಿಂಗ್‌ಹೌಸ್ ಜಾಣತನದ ಪರಿಹಾರವನ್ನು ಹುಡುಕಿದನು. ನಡುವೆ ಒಂದು ಸ್ವರ, ಎರಡು ಕಡೆಗೂ ಒಂದೊಂದು ವ್ಯಂಜನ ಬರುವಂತೆ ಅವನು ಸುಮಾರು 2300 ನಿರರ್ಥಕ ಶಬ್ದಗಳನ್ನು ರಚಿಸಿದನು. ಕನ್ನಡದಲ್ಲಿ ಹೇಳುವುದಾದರೆ ಗೂಜ್, ರೆಗ್, ಮಿಪ್ ಎಂಬಂಥ ಶಬ್ದಗಳು. ಇವುಗಳಿಗೆ ಅರ್ಥವಿಲ್ಲ, ಹಳೆಯ ಪರಿಚಯದ ಬೆಂಬಲವಿಲ್ಲ. ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಚೀಟಿಗಳನ್ನೆಲ್ಲ ಕಲಸಿ, ಕೈಗೆ ಬಂದಂತೆ ಎತ್ತಿ, ಅವನು ಶಬ್ದಗಳ ಸಾಲುಗಳನ್ನು ಮಾಡಿಕೊಳ್ಳುತ್ತಿದ್ದನು.

ಆಮೇಲೆ ಅವನು ತನಗೆ ತಾನೇ ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿಕೊಂಡನು. ಸಾಲನ್ನು ಯಾವಾಗಲೂ ಮೊದಲಿನಿಂದ ಕೊನೆಯವರೆಗೆ ಪೂರ್ತಿಯಾಗಿ ಓದಬೇಕು. ಕಷ್ಟವಾದ ಶಬ್ದದ ಬಳಿ ನಿಂತು ಅದನ್ನೇ ಉರು ಹೊಡೆಯಬಾರದು. ಗಡಿಯಾರದ ಟಿಕ್‌ಟಿಕ್ ಸದ್ದಿಗೆ ಹೊಂದಿಸಿಕೊಂಡು ನಿಮಿಷಕ್ಕೆ 150 ಶಬ್ದಗಳ ವೇಗದಲ್ಲಿ ಓದಬೇಕು. ಶಬ್ದಗಳಿಗೆ ಕಥೆ ಕಟ್ಟುವುದು, ಗುರುತು ಹಚ್ಚಿಕೊಳ್ಳುವುದು ಮುಂತಾದ ಉಪಾಯಗಳನ್ನು ಹೂಡಬಾರದು. ಒಂದು ಸಾಲು ಮುಗಿದು ಮತ್ತೊಂದಕ್ಕೆ ಹೋಗುವ ನಡುವೆ 15 ಸೆಕೆಂಡುಗಳ ಬಿಡುವು. ಆ ಬಿಡುವಿನಲ್ಲಿ ಫಲಿತಾಂಶವನ್ನು ಬರೆದುಕೊಳ್ಳಬೇಕು. ಪ್ರಯೋಗ ನಡೆಯುವ ತಿಂಗಳುಗಳಲ್ಲಿ ದಿನಚರಿ ಆದಷ್ಟೂ ಒಂದೇ ಬಗೆಯಾಗಿರಬೇಕು. ಇಷ್ಟೆಲ್ಲವನ್ನೂ ಅವನು 1879 ಮತ್ತು 1880ರಲ್ಲಿ ತಪ್ಪದೆ ನಡೆಸಿದನು. ಬೇಸರ ತರಿಸುವ ಆ ಕೆಲಸದಲ್ಲಿ ನೋಡುವವರಿಲ್ಲ, ಮೆಚ್ಚುವವರಿಲ್ಲ. ತಪ್ಪಿದರೆ ಕೇಳುವವರೂ ಇರಲಿಲ್ಲ. ಕೇಳುವವರಿಲ್ಲದಾಗಲೂ ನಿಯಮಕ್ಕೆ ತಪ್ಪದಿದ್ದುದೇ ಅವನ ದೊಡ್ಡ ಗುಣ.

ಮರೆವನ್ನು ಅಳೆಯಲು ಅವನು ಹಿಡಿದ ಮಾರ್ಗವೂ ಸರಳವಾದುದು. ಒಂದು ಸಾಲನ್ನು ತಪ್ಪಿಲ್ಲದೆ ಒಪ್ಪಿಸಲು ಎಷ್ಟು ಹೊತ್ತು ಬೇಕಾಯಿತೆಂದು ಮೊದಲು ಬರೆದಿಡುತ್ತಿದ್ದನು. ಗೊತ್ತಾದ ಕಾಲ ಕಳೆದ ಮೇಲೆ ಅದೇ ಸಾಲನ್ನು ಮತ್ತೆ ಕಲಿಯುತ್ತಿದ್ದನು. ಎರಡನೆಯ ಸಲ ಕಡಿಮೆ ಹೊತ್ತು ಸಾಕಾಗುತ್ತಿದ್ದಿತು. ಉದಾಹರಣೆಗೆ, ಮೊದಲ ಸಲ 1000 ಸೆಕೆಂಡು ಹಿಡಿದ ಪಾಠವು ಎರಡನೆಯ ಸಲ 400 ಸೆಕೆಂಡುಗಳಲ್ಲಿ ಬಂದಿತೆಂದು ಇಟ್ಟುಕೊಳ್ಳೋಣ. ಆಗ 600 ಸೆಕೆಂಡುಗಳ ಶ್ರಮ ಉಳಿಯಿತು. ಎಂದರೆ ಉಳಿತಾಯ ನೂರಕ್ಕೆ 60. ಪೂರ್ತಿ ಮರೆತುಹೋಯಿತೆಂದು ನಾವು ತಿಳಿದಿರುವ ಪಾಠದಲ್ಲಿಯೂ ಎಷ್ಟೋ ಭಾಗ ಒಳಗೆ ಅಡಗಿರುತ್ತದೆ. ಅದನ್ನು ಮತ್ತೆ ಕಲಿಯುವಾಗ ಆಗುವ ಉಳಿತಾಯವೇ ಅದರ ಸಾಕ್ಷಿ. ಹೀಗೆ ಕಾಣದ ನೆನಪನ್ನು ಅವನು ಕಾಲದ ಲೆಕ್ಕಕ್ಕೆ ತಂದನು.

ಈ ಪ್ರಯೋಗಗಳ ಬರಹವನ್ನು ಅವನು 1880ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದನು. ಅದನ್ನು ಪರಿಶೀಲಿಸಿದವರಲ್ಲಿ ಪ್ರಸಿದ್ಧ ಭೌತವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಒಬ್ಬನು. ಎಬ್ಬಿಂಗ್‌ಹೌಸನಿಗೆ ಅಲ್ಲಿ ಬೋಧಿಸುವ ಅಧಿಕಾರ ದೊರೆಯಿತು. ಬೇರೊಬ್ಬನಾಗಿದ್ದರೆ ಆ ಬರಹವನ್ನು ಕೂಡಲೇ ಅಚ್ಚಿಗೆ ಕೊಟ್ಟು ಹೆಸರು ಗಳಿಸುತ್ತಿದ್ದನು. ಎಬ್ಬಿಂಗ್‌ಹೌಸ್ ಹಾಗೆ ಮಾಡಲಿಲ್ಲ. ತನ್ನ ಫಲಿತಾಂಶಗಳು ಮತ್ತೊಮ್ಮೆ ಪರೀಕ್ಷೆಗೆ ನಿಲ್ಲುವುವೇ ಎಂಬ ಸಂಶಯ ಅವನಿಗೆ. 1883 ಮತ್ತು 1884ರಲ್ಲಿ ಅವನು ಅದೇ ನಿರರ್ಥಕ ಶಬ್ದಗಳ ಮುಂದೆ ಮತ್ತೆ ಕುಳಿತನು. ಹಳೆಯ ಪ್ರಯೋಗಗಳನ್ನು ಮತ್ತೆ ಮಾಡಿದನು, ಹೊಸವನ್ನು ಸೇರಿಸಿದನು. ಎರಡು ಕಾಲದ ಫಲಿತಾಂಶಗಳನ್ನೂ ಹೋಲಿಸಿ ನೋಡಿದ ಮೇಲೆಯೇ, 1885ರಲ್ಲಿ, ನೆನಪನ್ನು ಕುರಿತ ಅವನ ಗ್ರಂಥ ಲೈಪ್‌ಸಿಗ್ ನಗರದಲ್ಲಿ ಪ್ರಕಟವಾಯಿತು. ಗಾತ್ರದಲ್ಲಿ ಚಿಕ್ಕದಾದ ಆ ಪುಸ್ತಕವು ನೆನಪಿನ ಅಧ್ಯಯನವನ್ನು ಊಹೆಯ ಮಾತಿನಿಂದ ಬಿಡಿಸಿ ವಿಜ್ಞಾನದ ದಾರಿಗೆ ತಂದಿತು.

ಆ ಪುಸ್ತಕದಿಂದ ತಿಳಿದುಬಂದ ಸಂಗತಿಗಳು ಸ್ವಾರಸ್ಯವಾಗಿವೆ. ಏಳು ಶಬ್ದಗಳ ಸಾಲನ್ನು ಅವನು ಒಂದೇ ಸಲ ಓದಿ ಒಪ್ಪಿಸಬಲ್ಲವನಾಗಿದ್ದನು. ಶಬ್ದಗಳು ಹನ್ನೆರಡಾದರೆ ಸುಮಾರು 17 ಸಲ ಓದಬೇಕಾಗುತ್ತಿದ್ದಿತು. ಹದಿನಾರಾದರೆ 30 ಸಲ. ಇಪ್ಪತ್ತನಾಲ್ಕಾದರೆ 44 ಸಲ. ಮೂವತ್ತಾರಾದರೆ 55 ಸಲ. ಏಳಕ್ಕೆ ಐದು ಸೇರಿದ ಮಾತ್ರಕ್ಕೆ ಶ್ರಮ ಹದಿನೇಳು ಪಟ್ಟಾಯಿತು! ಇನ್ನು ಅರ್ಥವುಳ್ಳ ಪಾಠದ ಮಾತೇ ಬೇರೆ. ಇಂಗ್ಲಿಷ್ ಕವಿ ಬೈರನ್ನನ ಡಾನ್ ಜುವಾನ್ ಕಾವ್ಯದ ಪದ್ಯಗಳನ್ನು ಅವನು ಬಾಯಿಪಾಠ ಮಾಡಿ ನೋಡಿದನು. ಒಂದು ಪದ್ಯದಲ್ಲಿ ಸುಮಾರು 80 ಉಚ್ಚಾರಾಂಶಗಳಿದ್ದರೂ ಎಂಟು ಒಂಬತ್ತು ಓದಿಗೆ ಅದು ಬರುತ್ತಿದ್ದಿತು. ಅಷ್ಟೇ ಉದ್ದದ ನಿರರ್ಥಕ ಸಾಲಿಗೆ ಎಪ್ಪತ್ತು ಎಂಬತ್ತು ಓದು ಬೇಕಾಗುತ್ತದೆಂದು ಅವನ ಲೆಕ್ಕ. ಅರ್ಥ, ಲಯ, ಪ್ರಾಸಗಳು ಕೂಡಿದರೆ ಶ್ರಮವು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅರ್ಥ ತಿಳಿಯದೆ ಉರು ಹೊಡೆಯುವವನು ಹತ್ತು ಪಟ್ಟು ದಂಡ ತೆರುತ್ತಾನೆಂದು ಇದರಿಂದ ತಿಳಿಯಬಹುದು.

ಎಲ್ಲಕ್ಕಿಂತ ಹೆಸರಾದುದು ಮರೆವಿನ ರೇಖೆ. ಇದಕ್ಕಾಗಿ ಅವನು 13 ಶಬ್ದಗಳ ಸಾಲುಗಳನ್ನು ಆರಿಸಿಕೊಂಡು, ಕಲಿಯುವುದು, ಮತ್ತೆ ಕಲಿಯುವುದು ಎಂಬ ಜೋಡಿ ಪರೀಕ್ಷೆಯನ್ನು 163 ಸಲ ನಡೆಸಿದನು. ಒಂದೊಂದು ಪರೀಕ್ಷೆಯಲ್ಲಿಯೂ ಎಂಟು, ಕೆಲವು ವೇಳೆ ಆರು ಸಾಲುಗಳಿರುತ್ತಿದ್ದವು. ಕಲಿತ 19 ನಿಮಿಷಗಳ ಮೇಲೆ ಉಳಿತಾಯವು ನೂರಕ್ಕೆ 58.2, ಸುಮಾರು ಒಂದು ಗಂಟೆಯ ಮೇಲೆ 44.2, ಸುಮಾರು ಒಂಬತ್ತು ಗಂಟೆಗಳ ಮೇಲೆ 35.8; ಒಂದು ದಿನದ ಮೇಲೆ 33.7, ಎರಡು ದಿನಗಳ ಮೇಲೆ 27.8, ಆರು ದಿನಗಳ ಮೇಲೆ 25.4, 31 ದಿನಗಳ ಮೇಲೆ 21.1. ಈ ಅಂಕಿಗಳನ್ನು ರೇಖಾಚಿತ್ರವಾಗಿ ಬರೆದರೆ ಅದು ಮೊದಲು ಬೆಟ್ಟದ ಕಡಿದಾದ ಇಳಿಜಾರಿನಂತೆ ಇಳಿದು, ಬರಬರುತ್ತ ಬಯಲಿನಂತೆ ಹರಡಿಕೊಳ್ಳುತ್ತದೆ. ಮರೆವು ತನ್ನ ಕೆಲಸದ ಬಹುಭಾಗವನ್ನು ಮೊದಲ ಗಂಟೆಯಲ್ಲಿಯೇ ಮಾಡಿ ಮುಗಿಸುತ್ತದೆ. ಅದನ್ನು ದಾಟಿ ಉಳಿದದ್ದು ಬಹುಕಾಲ ನಿಲ್ಲುತ್ತದೆ.

ಮತ್ತೊಂದು ಸಂಗತಿ ವಿದ್ಯಾರ್ಥಿಗಳು ಮರೆಯಬಾರದಂಥದು. ಹನ್ನೆರಡು ಶಬ್ದಗಳ ಸಾಲನ್ನು ಒಂದೇ ದಿನ ಒಂದೇ ಸಮನೆ 68 ಸಲ ಓದಿದರೆ ಮರುದಿನಕ್ಕೆ ಎಷ್ಟು ಫಲ ದೊರೆಯುತ್ತಿದ್ದಿತೋ, ಮೂರು ದಿನಗಳಲ್ಲಿ ಹಂಚಿಕೊಂಡು ಓದಿದ 38 ಓದಿಗೂ ಸುಮಾರಾಗಿ ಅಷ್ಟೇ ಫಲ ದೊರೆಯಿತು. ಒಂದೇ ದಿನ ಸುರಿದ ಜಡಿಮಳೆ ಹೊಲದಿಂದ ಹರಿದುಹೋಗುತ್ತದೆ. ಬಿಟ್ಟು ಬಿಟ್ಟು ಬಂದ ಮಳೆ ಬೇರಿಗೆ ಇಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವನಿಗಿಂತ ದಿನವೂ ಸ್ವಲ್ಪ ಸ್ವಲ್ಪ ಓದುವವನು ಜಾಣನೆಂಬ ಹಿರಿಯರ ಮಾತಿಗೆ ಹೀಗೆ ಲೆಕ್ಕದ ಆಧಾರ ದೊರೆತಂತಾಯಿತು.

ಆದರೆ ಎಬ್ಬಿಂಗ್‌ಹೌಸನ ಹಿರಿಮೆಯು ಕಂಡುಹಿಡಿದ ಸಂಗತಿಗಳಲ್ಲಿ ಎಷ್ಟಿದೆಯೋ ಅವುಗಳನ್ನು ಬರೆದಿಟ್ಟ ರೀತಿಯಲ್ಲಿಯೂ ಅಷ್ಟೇ ಇದೆ. ಪ್ರಯೋಗ ಮಾಡುವುದು ವಿಜ್ಞಾನಿಯ ಅರ್ಧ ಕೆಲಸ. ಅದನ್ನು ಬೇರೆಯವರು ಪರಿಶೀಲಿಸುವಂತೆ ಬರೆಯುವುದು ಉಳಿದರ್ಧ. ಅವನು ಮೊದಲು ತನ್ನ ಪ್ರಶ್ನೆ ಯಾವುದೆಂದು ವಿವರಿಸಿದನು. ಶಬ್ದಗಳನ್ನು ರಚಿಸಿದ ಬಗೆ, ಓದಿದ ವೇಗ, ಬಿಡುವಿನ ಅವಧಿ, ದಿನದ ಯಾವ ಹೊತ್ತಿನಲ್ಲಿ ಕುಳಿತನೆಂಬುದು, ಇವೆಲ್ಲವನ್ನೂ ಹೇಳಿದನು. ಅನಂತರ ಅಂಕಿಗಳನ್ನು ಕೋಷ್ಟಕಗಳಲ್ಲಿ ಜೋಡಿಸಿ ಇಟ್ಟನು. ಬರಿಯ ಸರಾಸರಿಯನ್ನು ಕೊಟ್ಟು ಅವನು ಸುಮ್ಮನಾಗಲಿಲ್ಲ. ಹತ್ತು ಸಲ ಅಳೆದರೆ ಹತ್ತು ಬೇರೆ ಬೇರೆ ಅಂಕಿಗಳು ಬರುವುದು ಸಹಜ. ಅವು ಸರಾಸರಿಯಿಂದ ಎಷ್ಟು ಆಚೀಚೆ ಸರಿಯುತ್ತವೆ ಎಂಬುದು ತಿಳಿಯದೆ ಸರಾಸರಿಯನ್ನು ಎಷ್ಟು ನಂಬಬಹುದೆಂದು ತಿಳಿಯದು. ಖಗೋಳಶಾಸ್ತ್ರಜ್ಞರು ತಮ್ಮ ಅಳತೆಗಳಲ್ಲಿ ಬಳಸುತ್ತಿದ್ದ ಸಂಭಾವ್ಯ ದೋಷವೆಂಬ ಲೆಕ್ಕವನ್ನು ಅವನು ಮನಶ್ಶಾಸ್ತ್ರಕ್ಕೆ ತಂದು, ತನ್ನ ಸರಾಸರಿಗಳ ಜೊತೆಗೆ ಅವುಗಳ ದೋಷದ ಪ್ರಮಾಣವನ್ನೂ ಬರೆದನು.

ತನ್ನ ಪ್ರಯೋಗದ ಕುಂದುಗಳನ್ನು ಅವನು ಮುಚ್ಚಿಡಲಿಲ್ಲ. ಇವೆಲ್ಲ ಒಬ್ಬನೇ ಮನುಷ್ಯನ ಮೇಲೆ ನಡೆದ ಪರೀಕ್ಷೆಗಳಾದುದರಿಂದ ಅಂಕಿಗಳು ಆ ಒಬ್ಬನಿಗೆ ಸಲ್ಲುತ್ತವೆಯೇ ಹೊರತು ಎಲ್ಲರಿಗೂ ಹಾಗೆಯೇ ಸಲ್ಲುತ್ತವೆಂದು ಹೇಳಲಾಗದೆಂದು ಎಚ್ಚರಿಸಿದನು. ಪ್ರಯೋಗ ಮಾಡುವವನೇ ಕಲಿಯುವವನೂ ಆದಾಗ, ಫಲಿತಾಂಶ ಹೀಗಿರಬೇಕೆಂಬ ನಿರೀಕ್ಷೆಯು ಅವನಿಗರಿವಿಲ್ಲದಂತೆ ಅಂಕಿಗಳನ್ನು ಬಾಗಿಸಬಹುದು. ಈ ಅಪಾಯವನ್ನು ಅವನು ತಾನೇ ಎತ್ತಿ ಹೇಳಿ ಚರ್ಚಿಸಿದನು. ಮರೆವಿನ ರೇಖೆಗೆ ಹೊಂದುವ ಸಮೀಕರಣವೊಂದನ್ನು ಕೊಟ್ಟಾಗಲೂ, ಅದು ತನ್ನ ಅಂಕಿಗಳನ್ನು ಚಿಕ್ಕದಾಗಿ ಹೇಳುವ ಸಾಧನವಷ್ಟೇ ಎಂದು ಮಿತಿಯನ್ನು ಹಾಕಿದನು.

ಅವನ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ ಒದಗಿದುದು ಒಂದು ಮೊಂಡು ಅಂಕಿಯಿಂದ. ಮೇಲೆ ಹೇಳಿದ ಉಳಿತಾಯದ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಒಂಬತ್ತನೆಯ ಗಂಟೆಯಿಂದ ಇಪ್ಪತ್ತನಾಲ್ಕನೆಯ ಗಂಟೆಯವರೆಗೆ, ಎಂದರೆ ಹದಿನೈದು ಗಂಟೆಗಳಲ್ಲಿ, ಇಳಿದದ್ದು ಕೇವಲ 2.1. ಅಲ್ಲಿಂದ ಮುಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಇಳಿದದ್ದು 5.9. ಮರೆವು ಬರಬರುತ್ತ ನಿಧಾನವಾಗಬೇಕಲ್ಲದೆ, ಒಮ್ಮೆ ನಿಂತಂತಾಗಿ ಮತ್ತೆ ವೇಗವಾಗಿ ಇಳಿಯುವುದು ಹೇಗೆ? ಒಂಬತ್ತು ಗಂಟೆಯ ಪರೀಕ್ಷೆಯಲ್ಲಿ ಬೆಳಗ್ಗೆ ಕಲಿತದ್ದನ್ನು ಸಂಜೆ ಮತ್ತೆ ಕಲಿಯಬೇಕಾಗಿದ್ದಿತು. ಸಂಜೆಯ ದಣಿವಿನಲ್ಲಿ ಕಲಿಕೆಗೆ ಹೆಚ್ಚು ಹೊತ್ತು ಹಿಡಿಯುತ್ತದೆಂದು ಕಂಡುಕೊಂಡಿದ್ದ ಅವನು ಅದಕ್ಕೆ ತಕ್ಕ ತಿದ್ದುಪಡಿಯನ್ನೂ ಮಾಡಿದ್ದನು. ಆದರೂ ಅಂಕಿಯು ರೇಖೆಗೆ ಸರಿಯಾಗಿ ಹೊಂದಲಿಲ್ಲ. ನಡುವೆ ಬಂದ ರಾತ್ರಿಯ ನಿದ್ರೆ ಮರೆವನ್ನು ತಡೆದಿರಬಹುದೇ ಎಂದು ಯೋಚಿಸಿದನು. ಇಷ್ಟೊಂದು ವ್ಯತ್ಯಾಸಕ್ಕೆ ಅದು ಕಾರಣವಾಗಲಾರದೆಂದು ಬಗೆದು, ಅಳತೆಯಲ್ಲಿ ಆಕಸ್ಮಿಕ ದೋಷ ಸೇರಿರಬೇಕೆಂದು ತೀರ್ಮಾನಿಸಿದನು.

ಕೋಣೆಯಲ್ಲಿ ಒಬ್ಬನೇ ಕುಳಿತು ಬರೆದ ಲೆಕ್ಕವದು. ಆ ಅಂಕಿಯನ್ನು ಕೈಬಿಟ್ಟಿದ್ದರೆ ಅಥವಾ ತುಸು ತಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ರೇಖೆಯು ಮತ್ತಷ್ಟು ಸುಂದರವಾಗಿ ಕಾಣುತ್ತಿದ್ದಿತು. ಎಬ್ಬಿಂಗ್‌ಹೌಸ್ ಅದನ್ನು ಇದ್ದಂತೆಯೇ ಅಚ್ಚಿಗೆ ಕೊಟ್ಟನು. ಅದು ತನಗೆ ನಂಬಲರ್ಹವಾಗಿ ತೋರುವುದಿಲ್ಲವೆಂಬುದನ್ನೂ ಪಕ್ಕದಲ್ಲಿಯೇ ಬರೆದನು.

ಆ ಅಂಕಿಯ ಮುಂದಿನ ಕಥೆ ಕುತೂಹಲಕರವಾಗಿದೆ. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ವಿದ್ವಾಂಸರು ನಿದ್ರೆಯ ಪ್ರಶ್ನೆಯನ್ನು ಎತ್ತಿಕೊಂಡು, ಇಬ್ಬರು ವಿದ್ಯಾರ್ಥಿಗಳಿಗೆ ನಿರರ್ಥಕ ಶಬ್ದಗಳನ್ನು ಕಲಿಸಿ ಪರೀಕ್ಷಿಸಿದರು. ಕಲಿತ ಮೇಲೆ ಎಚ್ಚರವಾಗಿದ್ದಾಗ ಉಳಿದುದಕ್ಕಿಂತ, ಅಷ್ಟೇ ಹೊತ್ತು ನಿದ್ದೆ ಮಾಡಿದಾಗ ಹೆಚ್ಚು ನೆನಪು ಉಳಿಯಿತು. 2015ರಲ್ಲಿ ಹಾಲೆಂಡಿನ ಆಂಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಮುರ್ರೆ ಮತ್ತು ಡ್ರೋಸ್ ಎಂಬವರು ಎಬ್ಬಿಂಗ್‌ಹೌಸನ ಪುಸ್ತಕವನ್ನು ಮುಂದಿಟ್ಟುಕೊಂಡು ಅದೇ ಪ್ರಯೋಗವನ್ನು ಮತ್ತೆ ಮಾಡಿದ ವರದಿಯನ್ನು ಪ್ರಕಟಿಸಿದರು. ಅವರಲ್ಲಿ ಒಬ್ಬನು ಸುಮಾರು 70 ಗಂಟೆಗಳ ಕಾಲ ಶಬ್ದಗಳ ಸಾಲುಗಳನ್ನು ಕಲಿತು ಮತ್ತೆ ಕಲಿತನು. ಅವರಿಗೆ ದೊರೆತ ರೇಖೆಯು 1885ರ ರೇಖೆಯನ್ನೇ ಬಹುಮಟ್ಟಿಗೆ ಹೋಲುತ್ತಿದ್ದಿತು. ಅಷ್ಟೇ ಅಲ್ಲ, ಒಂದು ದಿನದ ಅವಧಿಯ ಬಳಿ ರೇಖೆಯು ನಿರೀಕ್ಷೆಗಿಂತ ಮೇಲಕ್ಕೆ ಏಳುವುದು ಅಲ್ಲಿಯೂ ಕಂಡುಬಂದಿತು. ಎಬ್ಬಿಂಗ್‌ಹೌಸ್ ದೋಷವೆಂದು ಶಂಕಿಸಿದ ಅಂಕಿಯಲ್ಲಿ ನಿಜವೊಂದು ಅಡಗಿದ್ದಿರಬಹುದು. ಅವನು ಅದನ್ನು ಅಳಿಸಿಹಾಕಿದ್ದರೆ ಆ ನಿಜದ ಸುಳಿವು ಪುಸ್ತಕದಲ್ಲಿ ಉಳಿಯುತ್ತಿರಲಿಲ್ಲ. ಅವನು ವಿಧಾನವನ್ನು ಅಷ್ಟು ವಿವರವಾಗಿ ಬರೆಯದೆ ಇದ್ದಿದ್ದರೆ 130 ವರ್ಷಗಳ ಮೇಲೆ ಬಂದವರು ಆ ಪ್ರಯೋಗವನ್ನು ಮತ್ತೆ ಮಾಡಲೂ ಆಗುತ್ತಿರಲಿಲ್ಲ.

ಗ್ರಂಥವು ಪ್ರಕಟವಾದ ಮರುವರ್ಷ, 1886ರಲ್ಲಿ, ಎಬ್ಬಿಂಗ್‌ಹೌಸ್ ಬರ್ಲಿನ್ನಿನಲ್ಲಿ ಕಿರಿಯ ದರ್ಜೆಯ ಪ್ರಾಧ್ಯಾಪಕನಾದನು. ಅಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯೊಂದನ್ನು ಕಟ್ಟಿದನು. 1890ರಲ್ಲಿ ಆರ್ಥರ್ ಕೋನಿಗ್ ಎಂಬ ವಿಜ್ಞಾನಿಯೊಡನೆ ಸೇರಿ ಮನಶ್ಶಾಸ್ತ್ರಕ್ಕಾಗಿ ಒಂದು ಪತ್ರಿಕೆಯನ್ನು ಆರಂಭಿಸಿದನು. ಆದರೆ ಅವನು ಬೇಗ ಬೇಗ ಬರೆದು ಪ್ರಕಟಿಸುವ ಸ್ವಭಾವದವನಲ್ಲ. 1894ರಲ್ಲಿ ಬರ್ಲಿನ್ನಿನ ಹಿರಿಯ ಪ್ರಾಧ್ಯಾಪಕ ಪದವಿ ಅವನಿಗೆ ದೊರೆಯದೆ ಕಾರ್ಲ್ ಸ್ಟುಂಪ್ಫ್ ಎಂಬವನಿಗೆ ದೊರೆಯಿತು. ಪ್ರಕಟಿಸಿದ ಬರಹಗಳು ಕಡಿಮೆಯಾದುದೇ ಇದಕ್ಕೆ ಕಾರಣವೆಂದು ಹಲವರು ಹೇಳುತ್ತಾರೆ. ಎಬ್ಬಿಂಗ್‌ಹೌಸ್ ಬರ್ಲಿನ್ ನಗರವನ್ನು ಬಿಟ್ಟು ಬ್ರೆಸ್ಲೌ ವಿಶ್ವವಿದ್ಯಾಲಯಕ್ಕೆ ಹೋದನು. ಆ ನಗರ ಇಂದು ಪೋಲೆಂಡ್ ದೇಶದಲ್ಲಿದೆ. ಅದರ ಈಗಿನ ಹೆಸರು ವ್ರೋತ್ಸ್ವಾಫ್.

ಬ್ರೆಸ್ಲೌ ನಗರದಲ್ಲಿ ಅವನ ವಿದ್ಯೆಯು ಶಾಲೆಯ ಮಕ್ಕಳ ಉಪಯೋಗಕ್ಕೆ ಬಂದಿತು. ಬೆಳಗ್ಗೆ ಒಂದೇ ಸಮನೆ ಐದು ಗಂಟೆಗಳ ಪಾಠ ನಡೆದರೆ ಮಕ್ಕಳ ಮನಸ್ಸು ಎಷ್ಟು ದಣಿಯುತ್ತದೆ ಎಂಬ ಪ್ರಶ್ನೆಯನ್ನು ನಗರದ ಆಡಳಿತದವರು ಎತ್ತಿದ್ದರು. ಅದನ್ನು ಪರೀಕ್ಷಿಸಲು ಎಬ್ಬಿಂಗ್‌ಹೌಸ್ ಗದ್ಯಭಾಗದಲ್ಲಿ ಅಲ್ಲಲ್ಲಿ ಮಾತುಗಳನ್ನು ಬಿಟ್ಟು, ಬಿಟ್ಟ ಸ್ಥಳಗಳನ್ನು ಮಕ್ಕಳಿಂದ ತುಂಬಿಸುವ ಪರೀಕ್ಷೆಯೊಂದನ್ನು ರಚಿಸಿ 1897ರಲ್ಲಿ ಪ್ರಕಟಿಸಿದನು. ಮುಂದೆ ಫ್ರಾನ್ಸಿನ ಆಲ್‌ಫ್ರೆಡ್ ಬೀನೆ 1905ರಲ್ಲಿ ರೂಪಿಸಿದ ಬುದ್ಧಿಪರೀಕ್ಷೆಗಳಿಗೂ ಈ ಬಗೆಯ ಪ್ರಶ್ನೆ ನೆರವಾಯಿತು. ಬಿಟ್ಟ ಸ್ಥಳವನ್ನು ತುಂಬಿರಿ ಎಂಬ ಪ್ರಶ್ನೆಗೆ ಉತ್ತರ ಬರೆಯುವ ಇಂದಿನ ವಿದ್ಯಾರ್ಥಿಗೂ ಎಬ್ಬಿಂಗ್‌ಹೌಸನಿಗೂ ಹೀಗೊಂದು ನಂಟಿದೆ. 1905ರಲ್ಲಿ ಅವನು ಹಾಲೆ ವಿಶ್ವವಿದ್ಯಾಲಯಕ್ಕೆ ಹೋದನು. ಮನಶ್ಶಾಸ್ತ್ರದ ಮೂಲತತ್ತ್ವಗಳನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು, ತನಗೆ ದಾರಿ ತೋರಿದ ಫೆಕ್ನರನ ನೆನಪಿಗೆ ಅರ್ಪಿಸಿದ್ದನು. 1909ನೆಯ ಇಸವಿ ಫೆಬ್ರವರಿ 26ರಂದು ನ್ಯುಮೋನಿಯಾ ರೋಗದಿಂದ ಅವನು ತೀರಿಕೊಂಡನು. ಆಗ ಅವನಿಗೆ 59 ವರ್ಷ. 1885ರ ಅವನ ಪುಸ್ತಕದ ಇಂಗ್ಲಿಷ್ ಅನುವಾದವು 1913ರಲ್ಲಿ ಅಮೆರಿಕದಲ್ಲಿ ಹೊರಬಂದಿತು.

ಮನಸ್ಸನ್ನು ಪ್ರಯೋಗದಿಂದ ಅರಿಯುವ ಈ ವಿದ್ಯೆ ನಮ್ಮ ನಾಡಿಗೆ ಬರಲು ಬಹಳ ಕಾಲ ಹಿಡಿಯಲಿಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಲಂಡನ್ ನಗರದಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ವಿಜ್ಞಾನಿಯ ಬಳಿ ವ್ಯಾಸಂಗ ಮಾಡಿ ಬಂದಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಅದರ ಮುಖ್ಯಸ್ಥರಾಗಿದ್ದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ನಡೆಸತೊಡಗಿದವರೂ ಅವರೇ. ಪಾಶ್ಚಾತ್ಯರ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಅಳವಡಿಸುವ ಕೆಲಸವೂ ಅವರಿಂದ ನಡೆಯಿತು.

ಎಬ್ಬಿಂಗ್‌ಹೌಸನ ಜೀವನದಲ್ಲಿ ರೋಮಾಂಚಕವಾದ ಘಟನೆಗಳಿಲ್ಲ. ಅರ್ಥವಿಲ್ಲದ ಸಾವಿರಾರು ಶಬ್ದಗಳು, ಗಡಿಯಾರದ ಸದ್ದು, ಲೆಕ್ಕದ ಹಾಳೆಗಳು, ಇಷ್ಟೇ ಅವನ ಸಾಧನಗಳು. ಇವುಗಳಿಂದಲೇ ಅವನು ಎಲ್ಲರಿಗೂ ಉಪಯೋಗವಾಗುವ ತಿಳಿವನ್ನು ದೊರಕಿಸಿಕೊಟ್ಟನು. ಬರ್ಲಿನ್ನಿನ ವಿದ್ವಾಂಸನಿಗೂ ಮಲ್ಲಿಪಟ್ಟಣದ ಶಾಲೆಯಲ್ಲಿ ಮಗ್ಗಿ ಕಲಿಯುವ ಬಾಲಕನಿಗೂ ಮರೆವು ಎಂಬುದು ಸಮಾನ. ಅದನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಅರ್ಥ ತಿಳಿದು ಓದುವುದು, ಓದಿದ್ದನ್ನು ದಿನಗಳ ಅಂತರವಿಟ್ಟು ಮತ್ತೆ ನೋಡುವುದು, ತಕ್ಕಷ್ಟು ನಿದ್ದೆ ಮಾಡುವುದು, ಇವು ಅದನ್ನು ಗೆಲ್ಲುವ ಮಾರ್ಗಗಳು.

ಅವನಿಂದ ಕಲಿಯಬೇಕಾದ ಮತ್ತೊಂದು ಪಾಠವೂ ಉಂಟು. ಶಾಲೆಯ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಲೋಲಕದ ತೂಗಾಟವನ್ನೋ ನೀರಿನ ಉಷ್ಣತೆಯನ್ನೋ ಅಳೆಯುತ್ತಾನೆ. ದೊರೆತ ಅಂಕಿ ಪುಸ್ತಕದ ಅಂಕಿಗೆ ಹೊಂದದೆ ಹೋದಾಗ ಅದನ್ನು ಅಳಿಸಿ, ಬರಬೇಕಾದ ಅಂಕಿಯನ್ನು ಬರೆಯುವ ಆಸೆ ಮೂಡುತ್ತದೆ. ಅಂಥ ಸಮಯದಲ್ಲಿ ಎಬ್ಬಿಂಗ್‌ಹೌಸನನ್ನು ನೆನೆಯಬೇಕು. ಕಂಡದ್ದನ್ನು ಕಂಡಂತೆ ಬರೆದು, ಸಂಶಯವಿದ್ದರೆ ಸಂಶಯವನ್ನೂ ಬರೆಯುವವನೇ ನಿಜವಾದ ವಿಜ್ಞಾನಿ. ಇಂದು ತಪ್ಪೆಂದು ತೋರುವ ಅಂಕಿಯು ಮುಂದಿನವರಿಗೆ ಹೊಸ ಸತ್ಯದ ಬಾಗಿಲಾಗಬಹುದು.